ಆರು ತಂತಿಗೂ ಜೀವ

ಹಳೆಯ ಸಾಮಾನು ರಿಪೇರಿ ಮಾಡುವುದು ನಮ್ಮ ಮನೆಯಲ್ಲಿ ದಿನದ ಕೆಲಸವಾಗಿತ್ತು. ಕೊಡೆಗೆ ಕಡ್ಡಿ, ಲಾಟೀನಿಗೆ ಬತ್ತಿ, ಅಪ್ಪಯ್ಯನ ಹಾರ್ಮೋನಿಯಮ್ಮಿನ ತಿದಿಗೆ ಚರ್ಮದ ತೇಪೆ. ಆದರೆ ಹೊಚ್ಚಹೊಸ ವಸ್ತುವೊಂದನ್ನು ಪೆಟ್ಟಿಗೆಯಿಂದ ತೆಗೆದ ಸಂಜೆಯೇ ಸ್ಕ್ರೂಡ್ರೈವರ್ ಹುಡುಕಿದ್ದು ನಾನು ಆ ಒಂದೇ ಸಲ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಬೊಂಬಾಯಿಯಲ್ಲಿದ್ದ ಸೋದರಮಾವ ಗಣಪತಿ ಹಬ್ಬಕ್ಕೆಂದು ಹೊಸನಗರಕ್ಕೆ ಬಂದವರು ನನಗೊಂದು ಎಲೆಕ್ಟ್ರಿಕ್ ಗಿಟಾರ್ ತಂದರು. ಶಿವಮೊಗ್ಗೆಯಲ್ಲಿ ಓದುವಾಗ ಗೆಳೆಯನೊಬ್ಬನ ಗಿಟಾರಿನಲ್ಲಿ ನಾನು ಕೈ ಪಳಗಿಸಿಕೊಂಡಿದ್ದೆ. ಸ್ವಂತದ್ದೊಂದು ಬಂದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಅಪ್ಪಯ್ಯ ಶಾಲೆ ಮೇಷ್ಟರು, ಊರಿನ ಭಜನಾ ಮಂಡಳಿಗೆ ಹಾರ್ಮೋನಿಯಂ ಅವರದೇ. ತಮ್ಮ ನಂತರ ಆ ಪೆಟ್ಟಿಗೆಯ ಮುಂದೆ ನಾನು ಕೂರಬೇಕೆಂಬುದು ಅವರ ಆಸೆ. ಗಿಟಾರನ್ನು ತಿರುಗಿಸಿ ಮುರುಗಿಸಿ ನೋಡಿ, "ಹೊಟ್ಟೆಯೇ ಇಲ್ವಲ್ಲೋ ಇದಕ್ಕೆ! ನಾದ ಎಲ್ಲಿಂದ ಬರ್ತದೆ?" ಎಂದರು.

"ಕರೆಂಟಿಂದ ಬರ್ತದೆ ಭಾವ," ಎಂದರು ಮಾವ.

"ಹಬ್ಬದ ಮೂರನೇ ದಿನ ಗಣಪತಿ ಪೆಂಡಾಲಲ್ಲಿ ಬಾರಿಸ್ಲಿ. ಸರಿಯಾಗಿ ಹಾಡಿದ್ರೆ ಮನೇಲಿರ್ಲಿ. ಇಲ್ದಿದ್ರೆ ಮಾರನೇ ದಿನ ನೀವು ಹೋಗೋವಾಗ ನಿಮ್ಮ ಜೊತೆಗೇ ವಾಪಸ್ಸು ತಗೊಂಡು ಹೋಗಿ."

ಅಪ್ಪಯ್ಯ ಒಮ್ಮೆ ಆಡಿದರೆ ಮುಗಿಯಿತು. ಮಾವ ಆ ದಿನಕ್ಕೆ ವಾಪಸು ಬರುತ್ತೇನೆಂದು ತೀರ್ಥಹಳ್ಳಿಗೆ, ಹೆಂಡತಿಯ ತವರಿಗೆ ಹೊರಟರು. ನನ್ನ ಕೈಯಲ್ಲಿ ಉಳಿದದ್ದು ಎಂಟು ದಿನ.

ಆ ಕಾಲದ ರೇಡಿಯೋಗಳ ಬೆನ್ನಿಗೆ ಗ್ರಾಮಫೋನ್ ಜೋಡಿಸಲು ಎರಡು ತೂತುಗಳಿರುತ್ತಿದ್ದವು. ಗಿಟಾರಿನ ವಯರನ್ನು ಅಲ್ಲಿಗೆ ಸಿಕ್ಕಿಸಿ ರೇಡಿಯೋ ಹಾಕಿದೆ. ನಾನು ಮುಟ್ಟುವ ಮೊದಲೇ ಅದು ಗುಂಯ್ ಎಂದಿತು. ತಂತಿಯ ಮೇಲೆ ಕೈಯಿಟ್ಟರೆ ಸುಮ್ಮನಾಗುತ್ತಿತ್ತು, ತೆಗೆದರೆ ಮತ್ತೆ ಗುಂಯ್. ಅಮ್ಮ ಬಾಗಿಲಲ್ಲಿ ನಿಂತು, "ಅದು ಬೇಡ ಅಂತಿದೆ, ಬಿಟ್ಟುಬಿಡಾ ಮಾರಾಯಾ," ಎಂದಳು.

ಗಿಟಾರಿನಲ್ಲಿ ವಯರು ಸಿಕ್ಕಿಸುವ ತೂತಿನ ನಟ್ಟು ಸಡಿಲವಾಗಿತ್ತು. ಬಿಗಿ ಮಾಡಹೋದರೆ ನಟ್ಟಿನ ಜೊತೆ ಒಳಗಿನದೂ ಸುತ್ತಿ, ಕೂದಲಿನಂಥ ತಂತಿಯೊಂದು ಪಟ್ಟನೆ ತುಂಡಾಯಿತು. ಕೆಂಪಗೆ ಕಾಯಿಸಿದ ಕಬ್ಬಿಣದ ಕಡ್ಡಿಯಲ್ಲಿ ಸೀಸ ಕರಗಿಸಿ ಬೆಸೆಯುವುದರೊಳಗೆ ಒಂದು ಭಾನುವಾರ ಪೂರ್ತಿ ಹೋಯಿತು. ಹೆಬ್ಬೆರಳಿಗೆ ಬೊಬ್ಬೆ ಬಂತು. ಗುಂಯ್ ಹೋಗಲಿಲ್ಲ.

ಆಮೇಲೆ ತಂತಿ ಬಿಗಿಯುವ ಬಿರಡೆ. ಮೂರನೆಯ ತಂತಿ ಎಷ್ಟು ಎಳೆದು ಶ್ರುತಿ ಮಾಡಿದರೂ ಹತ್ತು ನಿಮಿಷಕ್ಕೆ ಇಳಿದುಬಿಡುತ್ತಿತ್ತು. ನನ್ನ ಒದ್ದಾಟ ನೋಡಲಾರದೆ ಅಪ್ಪಯ್ಯನೇ ಎದ್ದು ಬಂದರು. "ತಂಬೂರಿ ಬಿರಡೆ ಜಾರಿದ್ರೆ ಎಂತ ಮಾಡ್ತೀವಿ? ಸೀಮೆಸುಣ್ಣ! ಇಷ್ಟು ಓದಿದ್ದೀಯ, ಅಷ್ಟು ಗೊತ್ತಿಲ್ವಾ?" ಮೇಷ್ಟರ ಮನೆಯಲ್ಲಿ ಸೀಮೆಸುಣ್ಣಕ್ಕೆ ಬರವೇ? ನಾನು ಬೇಡವೆನ್ನುವಷ್ಟರಲ್ಲಿ ಧಾರಾಳವಾಗಿ ಪುಡಿ ಉದುರಿಸಿದರು. ತಂಬೂರಿಯದು ಮರದ ಬಿರಡೆ, ಸುಣ್ಣ ಹಿಡಿದುಕೊಳ್ಳುತ್ತದೆ. ಇದು ಎಣ್ಣೆ ಹಚ್ಚಿದ ಹಲ್ಲುಚಕ್ರ. ಎಣ್ಣೆ, ಸುಣ್ಣ ಸೇರಿ ಗಾರೆಯಾಗಿ, ಬಿರಡೆ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಅಮ್ಮನ ಸೂಜಿಯಿಂದ ಒಂದೊಂದೇ ಹಲ್ಲು ಕೆರೆದ ಮೇಲೆ ಕಷ್ಟಪಟ್ಟು ತಿರುಗುವಷ್ಟಾಯಿತು. ಅಪ್ಪಯ್ಯ ಆ ಕಡೆ ತಿರುಗಿಯೂ ನೋಡಲಿಲ್ಲ.

ಇವೆಲ್ಲ ಹೋಗಲಿ ಎಂದರೆ, ಎಲ್ಲಕ್ಕಿಂತ ದಪ್ಪದ ತಂತಿ ಮೀಟಿದಾಗಲೆಲ್ಲ ಜಿರ್ ಎನ್ನುತ್ತಿತ್ತು. ತಲೆಯ ಹತ್ತಿರ ತಂತಿಗಳನ್ನು ಎತ್ತಿಹಿಡಿಯುವ ಸಣ್ಣ ಪಟ್ಟಿಯೊಂದಿರುತ್ತದೆ. ಅದರಲ್ಲಿ ದಪ್ಪ ತಂತಿಯ ಗೀರನ್ನು ಆಳವಾಗಿ ಕೊರೆದುಬಿಟ್ಟಿದ್ದರು, ತಂತಿ ಕೊರಳಿನ ಮೊದಲನೆಯ ಲೋಹದ ಮೆಟ್ಟಿಗೇ ತಾಗುತ್ತಿತ್ತು. ಹೊಸ ಪಟ್ಟಿಯೇ ಬೇಕು. ಅಂಥ ಸೂಕ್ಷ್ಮ ಕೆಲಸಕ್ಕೆ ಸಾಗರದ ಗುಡಿಗಾರರನ್ನು ಬಿಟ್ಟರೆ ಇನ್ಯಾರು? ಗಂಧದ ಪೆಟ್ಟಿಗೆ ಕೆತ್ತುವ ಅಜ್ಜನೊಬ್ಬರು ಮಂಡಳಿಯ ತಂಬೂರಿಯನ್ನೂ ರಿಪೇರಿ ಮಾಡುತ್ತಿದ್ದರು. ಗಿಟಾರನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಆನಂದಪುರದ ಮೇಲೆ ಸುತ್ತಿ ಹೋಗುವ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದೆ. ಕಂಡಕ್ಟರ್ ಕೇಳಿದ, "ಮಗು ನಿದ್ದೆ ಮಾಡ್ತಿದ್ಯಾ ಸ್ವಾಮಿ?"

ಅಜ್ಜ ಆರೂ ತಂತಿ ಮೀಟಿ ಕೇಳಿದರು. ವಾಪಸು ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ಅವಸರದಲ್ಲಿ, "ಈ ಒಂದು ತಂತಿ ಬೇರೆ ಥರ ಕೇಳ್ತದೆ ಅಜ್ಜ. ಆರೂ ಒಂದೇ ಥರ ಕೇಳ್ಬೇಕು, ಅಷ್ಟು ಮಾಡ್ಕೊಡಿ," ಎಂದುಬಿಟ್ಟೆ.

"ಅಷ್ಟೇ ತಾನೆ? ಚೌತಿ ಮಾರನೇ ದಿನ ಬಾ ತಮ್ಮಾ."

ಗಿಟಾರನ್ನು ಅಲ್ಲೇ ಬಿಟ್ಟು ಬಂದು, ಹೇಳಿದ ದಿನ ಹೋದೆ. ಜಿಂಕೆ ಕೊಂಬಿನ ಪಟ್ಟಿ, ಬೆರಳಗಲ. ಅದರ ಹಿಂಬದಿಯಲ್ಲಿ ಅಕ್ಕಿಕಾಳಿನಷ್ಟಷ್ಟು ಎಲೆಗಳ ಒಂದು ಬಳ್ಳಿ ಬೇರೆ ಕೆತ್ತಿದ್ದರು. ನಾನು ಹಿಗ್ಗಿಹೋದೆ. ಆಮೇಲೆ ಮೀಟಿದೆ.

ಜಿರ್. ಎರಡನೆಯದು, ಜಿರ್. ಆರಕ್ಕೆ ಆರೂ ಜಿರ್.

ಅಜ್ಜನ ಮುಖದಲ್ಲಿ ಬೆಳಕು. "ಪಾಪ, ಒಂದಕ್ಕೆ ಮಾತ್ರ ಜೀವ ಇತ್ತು. ಉಳಿದ ಐದು ಸತ್ತಿದ್ವು. ಈಗ ನೋಡು, ಆರಕ್ಕೂ ಕೊಟ್ಟಿದ್ದೀನಿ!"

ತಂಬೂರಿಯ ತಂತಿಯ ಕೆಳಗೆ ಒಂದೆಳೆ ದಾರ ಸರಿಸಿ ಆ ಜಿರ್ ನಾದವನ್ನು ಎಬ್ಬಿಸುತ್ತಾರೆ, ಅದಕ್ಕೇ ಜೀವ ಎನ್ನುತ್ತಾರೆ. ಜನ್ಮವಿಡೀ ಅದನ್ನು ಬರಿಸಲು ಕೈ ಸವೆಸಿದವರ ಹತ್ತಿರ ಹೋಗಿ, ಆರೂ ಒಂದೇ ಥರ ಮಾಡಿ ಎಂದವನು ನಾನೇ. ಯಾರ ಮೇಲೆ ಸಿಟ್ಟು ಮಾಡಲಿ?

"ಅಜ್ಜ, ಇದನ್ನ ತೆಗೀಬೇಕಿತ್ತು," ಎಂದೆ.

ಅವರ ಉಳಿ ನಿಂತಿತು. "ಜೀವ ತೆಗೀಬೇಕಾ? ಹಬ್ಬದ ದಿನ? ಬೇರೆ ಯಾರನ್ನಾದ್ರೂ ನೋಡ್ಕೋ."

ಬೇರೆ ಯಾರನ್ನು ನೋಡಲಿ? ಮಾರನೆಯ ಸಂಜೆಯೇ ಪೆಂಡಾಲು. ಮನೆಗೆ ಬಂದು ನಾನೇ ಅರ ಹಿಡಿದೆ. ತಂತಿ ಅಗಲವಾದ ಪಟ್ಟಿಯ ಮೇಲೆ ಒರಗಿಕೊಂಡು ಜಿರ್ ಎನ್ನುತ್ತಿತ್ತು, ಹಿಂಬದಿಯನ್ನು ಇಳಿಜಾರು ಮಾಡಿದರೆ ಸರಿಹೋಗಬೇಕು. ಆ ಬಳ್ಳಿಯಿದ್ದದ್ದೂ ಅಲ್ಲೇ. ಹಲ್ಲು ಕಚ್ಚಿ ಉಜ್ಜಿದೆ. ಒಂದೊಂದು ತಂತಿ ಶುದ್ಧವಾದಂತೆ ಒಂದೊಂದು ಎಲೆ ಬಿಳಿ ಪುಡಿಯಾಗಿ ನನ್ನ ಪಂಚೆಯ ಮೇಲೆ ಉದುರಿತು. ಐದು ತಂತಿ ಸರಿಯಾದವು. ದಪ್ಪದ್ದು ಮಾತ್ರ ಜಪ್ಪಯ್ಯ ಎಂದರೂ ಬಿಡಲಿಲ್ಲ. ಅಷ್ಟರಲ್ಲಿ ಹೊತ್ತಾಯಿತು.

ಪೆಂಡಾಲಿನಲ್ಲಿ ಗಿಟಾರಿನ ವಯರನ್ನು ಲೌಡ್‌ಸ್ಪೀಕರಿಗೆ ಕೊಟ್ಟರು. ನನ್ನ ಮನೆಯ ಗುಂಯ್ ಅಲ್ಲಿ ಇಡೀ ಪೇಟೆಯ ಗುಂಯ್ ಆಯಿತು. ಹಾರಿಬಿದ್ದು ತಂತಿಗಳ ಮೇಲೆ ಕೈಯಿಟ್ಟೆ, ನಿಂತಿತು. ಆಗ ಅಧ್ಯಕ್ಷರು ಭಾಷಣಕ್ಕೆ ಎದ್ದರು. ಅವರು ಮುಗಿಸುವ ತನಕ ನಾನು ಕೈ ಅಲ್ಲಾಡಿಸುವ ಹಾಗಿಲ್ಲ. ಮೂಗಿನ ಮೇಲೆ ಸೊಳ್ಳೆ ಕೂತಿತು. ಒಮ್ಮೆ ತಡೆಯಲಾರದೆ ಕೈ ಎತ್ತಿದ್ದಕ್ಕೆ, "ನಮ್ಮ ಸಂಸ್ಕೃತಿಯು..." ಎಂಬ ಮಾತಿಗೆ ಗುಂಯ್ ಸೇರಿ ಜನ ಗೊಳ್ಳೆಂದರು. ಮುಂದಿನ ಸಾಲಿನಲ್ಲಿ ಮಾವನ ಪಕ್ಕ ಕೂತಿದ್ದ ಅಪ್ಪಯ್ಯ ನಗಲಿಲ್ಲ.

ಅಂತೂ ಬಾರಿಸಿದೆ. ಅಪ್ಪಯ್ಯನ ಇಷ್ಟದ ಮೋಹನ ರಾಗವನ್ನೇ ಹಿಡಿದಿದ್ದೆ. ನಡುವೆ ಮೂರನೆಯ ತಂತಿ ಇಳಿಯಿತು. ಸುಣ್ಣ ತಿಂದ ಬಿರಡೆ ಮತ್ತೆ ಕಚ್ಚಿಕೊಂಡು ತಿರುಗಲಿಲ್ಲ, ಆ ತಂತಿಯನ್ನೇ ಬಿಟ್ಟು ಬಾರಿಸಿದೆ. ದಪ್ಪ ತಂತಿಯ ಮೇಲೆ ಬೆರಳು ಬಿದ್ದಾಗಲೆಲ್ಲ ಜಿರ್. ಮುಗಿಸಿ ವಯರು ಕಿತ್ತೆ. ನಾಳೆ ಬೊಂಬಾಯಿಗೆ ಎರಡು ಟಿಕೆಟ್, ಒಂದು ಮಾವನಿಗೆ, ಒಂದು ಇದಕ್ಕೆ ಎಂದುಕೊಂಡೆ.

ಮನೆಗೆ ಹೊರಟಾಗ ಅಪ್ಪಯ್ಯ ಲಾಟೀನು ಹಿಡಿದು ಮುಂದೆ ನಡೆದರು. ಮಾವನೇ ತಡೆಯಲಾರದೆ, "ಹೇಳಿ ಭಾವ, ತಗೊಂಡು ಹೋಗ್ಲಾ?" ಎಂದರು.

"ಐದು ತಂತಿಗೆ ಎಂತದೂ ಇಲ್ಲ. ತಗಡು ಬಡಿದ ಹಾಗೆ," ಎಂದರು ಅಪ್ಪಯ್ಯ. "ಆದ್ರೆ ಆ ದಪ್ಪ ತಂತಿ ಉಂಟಲ್ಲ, ಆಹಾ! ತಂಬೂರಿಯೇ ಸೈ. ಹೊಟ್ಟೆ ಇಲ್ದಿದ್ರೂ ಜೀವ ಉಂಟು ಅದಕ್ಕೆ. ಇರ್ಲಿ, ಮನೇಲೇ ಇರ್ಲಿ." ನಾಲ್ಕು ಹೆಜ್ಜೆ ನಡೆದು ನನ್ನ ಕಡೆ ತಿರುಗಿದರು. "ನಾಳೆ ಸಾಗರಕ್ಕೆ ಹೋಗಿ, ಉಳಿದ ಐದನ್ನೂ ಹಾಗೇ ಮಾಡ್ಸ್ಕೊಂಡು ಬಾ. ಆ ಗುಡಿಗಾರ ಅಜ್ಜನ ಕೈಲಿ ಆಗ್ತದೆ."

ಗಿಟಾರ್ ಉಳಿಯಿತು. ಬೆಳಿಗ್ಗೆ ಮಾವ ಬರಿಗೈಯಲ್ಲಿ ಬಸ್ಸು ಹತ್ತಿದರು. ನಾನು ಕಂಬಳಿ ಸುತ್ತಿದ ಗಿಟಾರ್ ಹಿಡಿದು ಸಾಗರದ ಬಸ್ಸಿಗೆ ಕಾಯುತ್ತ ನಿಂತೆ, ಎಲೆಯೆಲ್ಲ ಉಜ್ಜಿಹೋದ ಆ ಪಟ್ಟಿಯನ್ನು ಅಜ್ಜನಿಗೆ ಯಾವ ಮುಖ ಹೊತ್ತು ತೋರಿಸಲಿ ಎಂದು ಯೋಚಿಸುತ್ತ.