ದೆಹಲಿಯವರಿಗೆ ಆಟ ತೋರಿಸಲು ಹೋದದ್ದು

ಬಿ.ಸಿ. ರೋಡಿನ ಬಸ್ ನಿಲ್ದಾಣದಲ್ಲಿ ನಾನು ಬೆಳಿಗ್ಗೆ ಏಳೂವರೆಗೇ ಹೋಗಿ ನಿಂತೆ. ಮಂಗಳೂರಿನಿಂದ ಬಾಡಿಗೆ ಕಾರಿನಲ್ಲಿ ಬರಬೇಕಾಗಿದ್ದ ಶರ್ಮಾ ಅವರು ಬಂದದ್ದು ಒಂಬತ್ತಕ್ಕೆ. ಎರಡು ಸಾವಿರದ ಆಚೀಚೆಯ ವರ್ಷ, ಫೆಬ್ರವರಿ ಕೊನೆ, ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ದೆಹಲಿಯ ದೊಡ್ಡ ಕ್ರೀಡಾ ಸಂಸ್ಥೆಯೊಂದು ಅವರನ್ನು ಕಳುಹಿಸಿತ್ತು. ಹಳ್ಳಿಯ ಮಕ್ಕಳಿಗೆಂದು ನಮ್ಮ ಜಿಲ್ಲೆಗೆ ಒಂದು ವಾಲಿಬಾಲ್ ತರಬೇತಿ ಕೇಂದ್ರ ಕೊಡುವುದಾಗಿ ಆ ಸಂಸ್ಥೆ ಒಪ್ಪಿತ್ತು. ಖಾಯಂ ಕೋಚ್, ಚೆಂಡು, ಬೂಟು, ಸಂಜೆ ಹಾಲು ಮೊಟ್ಟೆ. ಯಾವ ಊರಿಗೆ ಕೊಡಬೇಕೆಂಬುದನ್ನು ಶರ್ಮಾ ಅವರು ಕೋರ್ಟ್ ನೋಡಿ, ಮಕ್ಕಳ ಆಟ ನೋಡಿ ತೀರ್ಮಾನಿಸಬೇಕು. ಬಂಟ್ವಾಳದ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕಿಯಾಗಿದ್ದ ನನಗೆ ಹಿಂದಿ ಬರುತ್ತದೆಂದು ಯಾರೋ ಹೇಳಿದ್ದರಿಂದ ದುಭಾಷಿಯ ಕೆಲಸ ಕೊರಳಿಗೆ ಬಿದ್ದಿತ್ತು.

ಬಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡಿದ್ದೆ. ಚಾರ್ಮಾಡಿಯ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ರುಖಿಯಾ ಎಂಬ ಹುಡುಗಿ ಇದ್ದಳು, ಹತ್ತನೇ ತರಗತಿ, ಜಿಲ್ಲಾ ಪಂದ್ಯಗಳಲ್ಲಿ ನಾನು ಕಂಡವಳು. ತಲೆಗೆ ಸ್ಕಾರ್ಫ್ ಬಿಗಿದು ಅವಳು ಹಾರಿ ಹೊಡೆದ ಚೆಂಡನ್ನು ಎತ್ತುವವರು ನಮ್ಮ ಜಿಲ್ಲೆಯಲ್ಲಿ ಇರಲಿಲ್ಲ. ಅವಳ ತಂದೆ ಸೌದಿಯ ದಮ್ಮಾಮಿನಲ್ಲಿ ಕೆಲಸಕ್ಕಿದ್ದರು. ಹತ್ತನೆಯದು ಮುಗಿದ ಮೇಲೆ ಆಟ ನಿಲ್ಲಬೇಕು, ಹಾಸ್ಟೆಲ್‌ಗೆ ಕಳಿಸುವ ಮಾತೇ ಇಲ್ಲ ಎಂದಿದ್ದವರು ಕೊನೆಗೆ ಫೋನಿನಲ್ಲಿ ನನಗೊಂದು ಮಾತು ಕೊಟ್ಟಿದ್ದರು. "ಊರಲ್ಲೇ ಕೇಂದ್ರ ಆಗಿ, ದೆಹಲಿಯವರೇ ಇವಳು ಆಡ್ತಾಳೆ ಅಂತ ಹೇಳಿದ್ರೆ ಆಡ್ಲಿ ಟೀಚರ್. ಇಲ್ಲದಿದ್ರೆ ಸಾಕು."

ಸಿದ್ಧಕಟ್ಟೆಯ ದಾರಿಯಾಗಿ ಮೂಡುಬಿದಿರೆ ಮುಟ್ಟಲು ಮುಕ್ಕಾಲು ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ನಾನು ಶರ್ಮಾ ಅವರಿಗೆ ರುಖಿಯಾಳ ಆಟದ ಬಗ್ಗೆ, ಅವಳ ಹಳ್ಳಿಯ ಬಗ್ಗೆ ಹೇಳಿದೆ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಬನ್ಸ್ ತಿಂದು, ನೋಡಬೇಕಾಗಿದ್ದ ಎರಡು ಜಾಗಗಳಲ್ಲಿ ಮೊದಲನೆಯದಾದ ಅಲ್ಲಿನ ಒಂದು ಕಾಲೇಜಿಗೆ ಹೋದೆವು. ಬಳ್ಳಾರಿಯ ಕಡೆಯವರು, ಧಾರವಾಡದ ಕಡೆಯವರು, ಒಳ್ಳೆಯ ಎತ್ತರದ ಮಕ್ಕಳು. ಸಾಲು ದೀಪದ ಕಂಬಗಳ ಕೆಳಗೆ ಎರಡು ಕೋರ್ಟ್. ನಾವು ಕಾರಿನಿಂದ ಇಳಿಯುವಾಗಲೇ ಆಟ ನಡೆಯುತ್ತಿತ್ತು. ಯಾರೂ ಹೂವು ಕೊಡಲಿಲ್ಲ, ಒಬ್ಬ ಕೋಚ್ ಬಂದು ಕೈ ಕುಲುಕಿ ಮತ್ತೆ ಸೀಟಿ ಊದಲು ಹೋದ. ಶರ್ಮಾ ಅವರು ಅರ್ಧ ಗಂಟೆ ನೋಡಿ ಫೋಟೋ ತೆಗೆದುಕೊಂಡರು.

ಕಾರು ವೇಣೂರಿನ ದಾರಿ ಹಿಡಿದಾಗ ಅವರಾಗಿಯೇ ಹೇಳಿದರು: "ಇಲ್ಲಿ ಎಲ್ಲವೂ ಇದೆ ಮೇಡಂ. ನಮ್ಮ ಹಣ ಏನೂ ಇಲ್ಲದ ಕಡೆಗೆ ಹೋಗಬೇಕು. ನಿಮ್ಮ ಹಳ್ಳಿಯಲ್ಲಿ ಒಂದು ಕೋರ್ಟ್, ಆಡುವ ಹನ್ನೆರಡು ಮಕ್ಕಳು ಕಂಡರೆ ಸಾಕು."

ನನಗೆ ಹಿಡಿಸಲಾರದಷ್ಟು ಖುಷಿ. ಬೆಳ್ತಂಗಡಿ ಪೇಟೆಯಲ್ಲಿ ಕಾರು ನಿಲ್ಲಿಸಿ ಎಸ್‌.ಟಿ.ಡಿ. ಬೂತಿನಿಂದ ಜಯರಾಮ ಶೆಟ್ಟರಿಗೆ ಫೋನ್ ಮಾಡಿದೆ. ಶೆಟ್ಟರು ಆ ಶಾಲೆಯ ಕ್ರೀಡಾ ಸಮಿತಿಯ ಅಧ್ಯಕ್ಷರು, ಉಜಿರೆಯಲ್ಲಿ ಹೋಟೆಲು ಇಟ್ಟವರು. ಮಕ್ಕಳಿಗೆ ಜೆರ್ಸಿ ಹಾಕಿಸಿ, ನೆಟ್ ಕಟ್ಟಿಡಿ ಎಂದೆ. "ನೀವು ಟೆನ್ಷನ್ ಮಾಡ್ಬೇಡಿ ಟೀಚರ್, ವ್ಯವಸ್ಥೆ ಎಲ್ಲ ಭರ್ಜರಿ ಉಂಟು," ಎಂದು ನಕ್ಕರು. ಆ ನಗು ಕೇಳಿ, ನೆಟ್ ಮರೆಯಬೇಡಿ ಎಂದು ಇನ್ನೊಮ್ಮೆ ಹೇಳಿಯೇ ಫೋನ್ ಇಟ್ಟೆ.

ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರಿಗೆ ನಾನು ಈಗಾಗಲೇ ಬೈದದ್ದು ಸಾಕಷ್ಟಾಗಿದೆ. ಒಂದು ಗಂಟೆಯ ಸುಡು ಬಿಸಿಲಿನಲ್ಲಿ ಶಾಲೆಯ ಗೇಟಿನೊಳಗೆ ಕಾರು ನುಗ್ಗಿದಾಗ ಕಂಡದ್ದು ಚಪ್ಪರ. ಬಣ್ಣದ ಬಟ್ಟೆ ಹೊದಿಸಿದ ಭಾರೀ ಚಪ್ಪರ, ಎದುರಿಗೆ ವೇದಿಕೆ, ಇನ್ನೂರು ಕುರ್ಚಿ. ಆ ಶಾಲೆಗೆ ಇದ್ದ ಸಮತಟ್ಟು ಜಾಗ ವಾಲಿಬಾಲ್ ಕೋರ್ಟ್ ಒಂದೇ. ಅತಿಥಿಗಳಿಗೆ ಬಿಸಿಲು ತಾಗಬಾರದೆಂದು ಚಪ್ಪರವನ್ನು ಅದರ ಮೇಲೆಯೇ ಹಾಕಿದ್ದರು. ನೆಟ್ಟಿನ ಕಂಬಗಳನ್ನು ಕಿತ್ತು ಆಚೆ ಮಲಗಿಸಿ, ಮಕ್ಕಳು ವರ್ಷಗಟ್ಟಲೆ ತುಳಿದು ಗಟ್ಟಿ ಮಾಡಿದ ನೆಲದಲ್ಲಿ ಸಾಲಾಗಿ ಗುಂಡಿ ತೋಡಿದ್ದರು.

ಆಟಗಾರ್ತಿಯರು? ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕಲಶ ಹಿಡಿದು ಗೇಟಿನಲ್ಲಿ ನಿಂತಿದ್ದರು.

ನಮ್ಮ ಜಿಲ್ಲೆಯ ಸಭಾ ಕಾರ್ಯಕ್ರಮವನ್ನು ಕಂಡವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಪ್ರಾರ್ಥನೆ, ದೀಪ, ಸ್ವಾಗತ, ಪ್ರಸ್ತಾವನೆ. ವೇದಿಕೆಯ ಮೇಲಿದ್ದ ಪ್ರತಿಯೊಬ್ಬರಿಗೂ ಹೂವು, ಪ್ರತಿಯೊಬ್ಬರಿಂದಲೂ ಭಾಷಣ. ಗ್ರಾಮೀಣ ಪ್ರತಿಭೆ ಎಂಬ ಮಾತು ಅಷ್ಟು ಸಲ ಒಂದೇ ಮಧ್ಯಾಹ್ನ ನನ್ನ ಕಿವಿಗೆ ಎಂದೂ ಬಿದ್ದಿರಲಿಲ್ಲ. ನಾನು ಶೆಟ್ಟರ ಹಿಂದೆ ಹೋಗಿ, "ಆಟ ಯಾವಾಗ?" ಎಂದು ಪಿಸುಗುಟ್ಟಿದೆ.

"ಸನ್ಮಾನ ಒಂದು ಮುಗೀಲಿ ಟೀಚರ್. ಅಷ್ಟು ದೂರದಿಂದ ಬಂದವರನ್ನು ಹಾಗೇ ಕಳಿಸ್ಲಿಕ್ಕೆ ಆಗ್ತದಾ?"

ಶಾಲು, ಪೇಟ, ಹಣ್ಣಿನ ಬುಟ್ಟಿ ಇದ್ದ ಹರಿವಾಣ ಹಿಡಿದು ಶರ್ಮಾ ಅವರ ಪಕ್ಕ ನಿಂತವಳು ರುಖಿಯಾ. ನಾನು ತಡೆಯಲಾರದೆ ವೇದಿಕೆಗೆ ಹತ್ತಿ, "ಇವಳೇ ಸರ್, ನಾನು ಹೇಳಿದ ಹುಡುಗಿ," ಎಂದೆ. ಪೇಟದೊಳಗಿಂದ ಬೆವರು ಇಳಿಯುತ್ತಿದ್ದ ಅವರು ತಲೆಯೆತ್ತಿ ಅವಳನ್ನು ನೋಡಿದರು. "ಎತ್ತರ ಇದ್ದಾಳೆ. ಆಟ ತೋರಿಸಿ," ಎಂದರು.

ತೋರಿಸುವುದೆಲ್ಲಿ? ಊಟ ಮುಗಿಯುವಾಗ ನಾಲ್ಕು ದಾಟಿತ್ತು. ಊಟವೇನೋ ಸೊಗಸಾಗಿತ್ತು, ಹಲಸಿನಕಾಯಿ ಗಸಿ, ನೀರುದೋಸೆ, ಎರಡು ಬಗೆ ಪಾಯಸ. ಬಡಿಸಿದವರೂ ನಮ್ಮ ಆಟಗಾರ್ತಿಯರೇ. ಶರ್ಮಾ ಅವರು ಕತ್ತಲಾಗುವ ಮೊದಲು ಚಾರ್ಮಾಡಿ ಘಾಟಿ ಹತ್ತಿ ಚಿಕ್ಕಮಗಳೂರು ಸೇರಬೇಕಿತ್ತು. ನಾನು ಕಾರಿನ ಬಾಗಿಲು ಹಿಡಿದುಕೊಂಡು ಬೇಡಿದೆ. ಚಪ್ಪರ ಬಿಚ್ಚಿಸುತ್ತೇನೆ, ನಾಳೆ ಬೆಳಿಗ್ಗೆ ಒಂದು ಗಂಟೆ ಕೊಡಿ.

"ನಾಳೆ ಚಿಕ್ಕಮಗಳೂರು, ನಾಡಿದ್ದು ಹಾಸನ," ಎಂದರು ಅವರು. ಸಿಟ್ಟಿನಿಂದಲ್ಲ, ದಣಿದು. "ಕಂಡದ್ದನ್ನು ನಾನು ಬರೆಯಬೇಕು ಮೇಡಂ. ಇಲ್ಲಿ ಕೋರ್ಟ್ ಕಾಣಲಿಲ್ಲ, ಆಟವೂ ಕಾಣಲಿಲ್ಲ. ಆ ಕಾಲೇಜಿನಲ್ಲಿ ಎರಡೂ ಕಂಡವು." ಇಡೀ ದೇಶದ ಹಳ್ಳಿಗಳನ್ನು ಬೆಳೆಸಲು ಹೊರಟ ಸಂಸ್ಥೆಗೆ ಒಂದು ಹಳ್ಳಿಗೆಂದು ಇದ್ದ ಸಮಯ ಅರ್ಧ ದಿನ. ಆ ಅರ್ಧ ದಿನವನ್ನು ನಮ್ಮವರು ಶಾಲು ಹೊದಿಸಿ ಮುಗಿಸಿದ್ದರು. ಕಾರು ಘಾಟಿಯ ಕಡೆಗೆ ತಿರುಗಿತು.

"ಕಾರ್ಯಕ್ರಮ ಲಾಯ್ಕ್ ಆಯ್ತಲ್ಲ ಟೀಚರ್?" ಎನ್ನುತ್ತ ಶೆಟ್ಟರು ಬಂದರು.

"ಕೇಂದ್ರ ಮೂಡುಬಿದಿರೆಗೆ ಹೋಯ್ತು ಶೆಟ್ರೆ. ಇಲ್ಲಿ ಕೋರ್ಟ್ ಕಾಣಲಿಲ್ಲ ಅಂದ್ರು."

ಅವರ ಮುಖ ಬಿಳಿಚಿಕೊಂಡಿತು. "ಕೋರ್ಟ್ ಇಲ್ಲೇ ಉಂಟಲ್ಲ ಮಾರಾಯ್ರೆ, ಚಪ್ಪರದ ಅಡಿಯಲ್ಲಿ! ನಾವು ಮರ್ಯಾದೆಯಲ್ಲಿ ಎಂತ ಕಡಿಮೆ ಮಾಡಿದ್ದೇವೆ?" ಎಂದರು. ಬೈಯಬೇಕೆಂದು ಬಾಯಿ ತೆರೆದೆ. ಆ ಮನುಷ್ಯನ ಕಣ್ಣಲ್ಲಿ ನೀರಿತ್ತು. ಆದರೂ ಬೈದೆ.

ಉಜಿರೆಯ ಬಸ್ಸಿಗೆಂದು ರಸ್ತೆಬದಿಯಲ್ಲಿ ನಿಂತಾಗ ರುಖಿಯಾ ಓಡಿ ಬಂದಳು. ಸೀರೆ ಬಿಚ್ಚಿ ಜೆರ್ಸಿ ಹಾಕಿಕೊಂಡಿದ್ದಳು, ಕಂಕುಳಲ್ಲಿ ಚೆಂಡು. "ಟೀಚರ್, ಚಪ್ಪರ ಬಿಚ್ತಾ ಇದ್ದಾರೆ, ಗುಂಡಿಗೆ ಮಣ್ಣು ನಾವೇ ತುಂಬಿಸ್ತೇವೆ. ಸಾರ್ ಎಲ್ಲಿ, ರೆಸ್ಟ್ ಮಾಡ್ತಿದ್ದಾರಾ?"

ಹೋದರು ಎಂದೆ.

ಅವಳು ಘಾಟಿಯ ಕಡೆಗೊಮ್ಮೆ ನೋಡಿ ಚೆಂಡನ್ನು ಈ ಕೈಯಿಂದ ಆ ಕೈಗೆ ಹಾಕಿಕೊಂಡಳು. "ಇವತ್ತು ಉಪ್ಪ ಫೋನ್ ಮಾಡ್ತಾರೆ," ಎಂದಳು. ಬ್ಯಾರಿ ಮನೆಗಳಲ್ಲಿ ಕೆಲವರು ತಂದೆಯನ್ನು ಕರೆಯುವುದು ಹಾಗೆ. "ದೆಹಲಿಯವರು ಎಂತ ಹೇಳಿದ್ರು ಅಂತ ಕೇಳ್ತಾರೆ. ಎಂತ ಹೇಳಿದ್ರು ಟೀಚರ್, ನನ್ನ ಬಗ್ಗೆ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಎತ್ತರ ಇದ್ದಾಳೆ ಅಂದ್ರು," ಎಂದೆ.

ಅವಳಿಗೆ ನಗು ಬಂತು. ಇನ್ನೂ ಏನೋ ಇದೆಯೆಂದು ನನ್ನ ಮುಖವನ್ನೇ ನೋಡುತ್ತ ನಿಂತಳು. ಅಷ್ಟರಲ್ಲಿ ಬಸ್ಸು ಬಂತು. ನಾನು ಹತ್ತಿ ಕಿಟಕಿಯ ಹತ್ತಿರ ಕುಳಿತು ಹಿಂದಕ್ಕೆ ತಿರುಗಿದಾಗ, ಅವಳು ಅಲ್ಲೇ ನಿಂತು ಕೂಗಿ ಕೇಳಿದಳು.

"ಅಷ್ಟೇಯಾ ಟೀಚರ್?"