ಸಿಂಚನಾ ನುಂಗಿದ ಒಂದು

ಗುಬ್ಬಿ ಪೇಟೆಯಲ್ಲಿ ಬೆಳೆದ ಶಶಿಕಲಾ ಚೇಳೂರಿನಾಚೆಯ ಒಂದು ಪುಟ್ಟ ಶಾಲೆಯಲ್ಲಿ ಎಂಟು ವರ್ಷದಿಂದ ಪಾಠ ಹೇಳುತ್ತಿದ್ದಳು. ತರಬೇತಿ ಆಗದವರನ್ನು ಬರುವ ಜೂನ್‌ನಿಂದ ಇಟ್ಟುಕೊಳ್ಳುವುದಿಲ್ಲ ಎಂದು ಶಾಲೆಯವರು ಕಡ್ಡಿ ಮುರಿದಂತೆ ಹೇಳಿದ ಮೇಲೆ ದೂರಶಿಕ್ಷಣಕ್ಕೆ ಸೇರಿದಳು. ಪಾಠವೆಲ್ಲ ಫೋನಿನಲ್ಲಿ, ಭಾನುವಾರ ಮಾತ್ರ ತುಮಕೂರಿನಲ್ಲಿ ಕ್ಲಾಸು. ಕೊನೆಗೆ ಉಳಿದದ್ದು ಒಂದೇ ಬರಹ: ಒಂದು ಮಗುವಿನ ತಪ್ಪನ್ನು ತಿದ್ದದೆ ಗಮನಿಸಿ, ಅದರ ಕಾರಣ ಬರೆಯಬೇಕು.

ಒಂದನೇ ಕ್ಲಾಸಿನ ಸಿಂಚನಾ ಹುಣಸೆಬೀಜ ಎಣಿಸುವಾಗ ಮೊದಲ ಬೀಜಕ್ಕೆ ತುಟಿ ಬಿಗಿದುಕೊಂಡು, ಎರಡರಿಂದ ಶುರುಮಾಡುತ್ತಿದ್ದಳು. 'ಮಗುವಿಗೆ ಒಂದು ಬರುವುದಿಲ್ಲ' ಎಂದು ಶಶಿಕಲಾ ಬರೆದು ಕಳಿಸಿದ್ದು ವಾಪಸ್ ಬಂತು. ಅಂಚಿನಲ್ಲಿ, ಭಾನುವಾರ ಪಾಠ ಮಾಡುವ ಚನ್ನವೀರಯ್ಯ ಮೇಷ್ಟ್ರ ಕೆಂಪು ಶಾಯಿಯ ಪ್ರಶ್ನೆ: 'ಲೆಕ್ಕ ಕೊನೆಗೆ ಸರಿಬರುತ್ತದೆಯೇ? ಅವಳ ಮನೆಗೆ ಹೋಗಿದ್ದೀರಾ?' ಇನ್ನೊಂದೇ ಅವಕಾಶವಿತ್ತು.

ಸಿಟ್ಟು ಬಂದರೂ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಮತ್ತೆ ಎಣಿಸಲು ಕೊಟ್ಟರೆ ಹತ್ತು ಬೀಜಕ್ಕೆ ಹತ್ತೇ. ಒಂದು ಬಾರದವಳಿಗೆ ಹತ್ತು ಎಲ್ಲಿಂದ ಬಂತು?

ಸಂಜೆ ಸಿಂಚನಾಳ ಮನೆಗೆ ಹೋದಳು. ಅಜ್ಜಿ ರೇವಮ್ಮ ಅಂಗಳದಲ್ಲಿ ಸೇರು ಹಿಡಿದು ರಾಗಿ ಅಳೆಯುತ್ತಿದ್ದಳು. ಮೊಮ್ಮಗಳು ಚೀಲದ ಬಾಯಿ ಹಿಡಿದು ನಿಂತಿದ್ದಳು. ಮೊದಲ ಸೇರಿಗೆ ಅಜ್ಜಿ 'ಲಾಭ' ಎಂದಳು. ಮುಂದಿನದಕ್ಕೆ ಇಬ್ಬರೂ 'ಎರ್ಡು' ಎಂದರು.

"ಒಂದು ಅನ್ನಲ್ವಾ ಅಜ್ಜಿ?" ಎಂದಳು ಶಶಿಕಲಾ.

"ರಾಶಿ ಮುಂದೆ ಕುಂತು ಒಂದು ಅಂದ್ರೆ ಅಷ್ಟಕ್ಕೇ ನಿಂತೋಯ್ತದೆ ಕಣವ್ವ, ಅದ್ಕೇ ಲಾಭ ಅನ್ನೋದು. ಪ್ಯಾಟೆ ಅಂಗಡೀಲಿ ತಂದು ತಿನ್ನೋರಿಗೆ ಹೆಂಗ್ ಗೊತ್ತಾಯ್ತದೆ ಬುಡು."

ಕ್ಲಾಸಿನಲ್ಲಿ ಯಾಕೆ ಲಾಭ ಅನ್ನಲಿಲ್ಲ ಎಂದು ಶಶಿಕಲಾ ಸಿಂಚನಾಳನ್ನು ಕೇಳಿದಳು. ಹುಡುಗಿ ಚೀಲ ಬಿಡದೆ ಹೇಳಿದಳು: "ಒಂದ್ಸಲ ಅಂದೆ ಮಿಸ್. ಎಲ್ರೂ ಸೇಟು ಸೇಟು ಅಂತ ಆಡ್ಕೊಂಡ್ರು. ನೀವೂ ನಕ್ರಿ. ಅದ್ಕೇ ಮನಸಲ್ಲೇ ಅಂತೀನಿ."

ತಾನು ನಕ್ಕದ್ದು ಶಶಿಕಲಾಗೆ ನೆನಪೇ ಇರಲಿಲ್ಲ. ಆದರೂ ಅದನ್ನೇ ಕಾರಣವೆಂದು ಬರೆದಳು. ಮಾರನೇ ದಿನ ಅವಳು ಕರೆದದ್ದಕ್ಕೆ ರೇವಮ್ಮ ಸೇರು ಹಿಡಿದುಕೊಂಡು ಶಾಲೆಗೆ ಬಂದಳು. ಮಕ್ಕಳು 'ಒಂದು' ಎಂದೂ 'ಲಾಭ' ಎಂದೂ ಎರಡೂ ಥರ ಎಣಿಸಿದರು.

ಭಾನುವಾರ ಶಶಿಕಲಾ ತನ್ನ ಬರಹ ಓದಿದಾಗ, ಕುಣಿಗಲ್ ಕಡೆಯ ಟೀಚರೊಬ್ಬಳು ತನ್ನ ಕ್ಲಾಸಿನಲ್ಲೂ ಇಂಥ ಮಕ್ಕಳಿಬ್ಬರಿದ್ದಾರೆಂದು ಗುರುತು ಹಾಕಿಕೊಂಡಳು. ಚನ್ನವೀರಯ್ಯ ಮೇಷ್ಟ್ರು, ಬರಹದಲ್ಲಿ ಮಾರ್ಗದರ್ಶಕರ ಹೆಸರಿನ ಜಾಗದಲ್ಲಿ ಬರೆದಿದ್ದ ರೇವಮ್ಮ ಯಾವ ಕಾಲೇಜಿನವರು ಎಂದು ಕೇಳಿದರು.

"ಕಾಲೇಜಲ್ಲ ಸಾರ್, ಅವ್ರು ರಾಗಿ ಅಳೆಯೋರು."

ಮೇಷ್ಟ್ರು ಸಹಿ ಹಾಕುವ ಮುಂಚೆ ಹಾಳೆ ಎಣಿಸತೊಡಗಿದರು. ಮೊದಲ ಹಾಳೆಗೆ ಬೆರಳಿಟ್ಟು ಸಿಂಚನಾಳಂತೆಯೇ ತುಟಿ ಬಿಗಿದು, ಮತ್ತೆ ಸಡಿಲಿಸಿದರು.

"ಲಾಭ," ಎಂದರು. "ಬಾಯ್ಬಿಟ್ಟು ಅಂದು ನಲವತ್ತು ವರ್ಷ ಆಗಿತ್ತು ಕಣಮ್ಮ."