ತಡವಾಗಿ ಬಂದವರ ಕಾಮೆಂಟ್ರಿ

ದೊಡ್ಡ ಹಡಗಿನಲ್ಲಿ ಒಂದು ವಾರ ರಜೆ ಕಳೆಯುವುದೆಂದರೆ ಹೇಗಿರುತ್ತದೆ ಎಂದು ಕೇಳಿದರೆ ಹೇಳುವುದು ಕಷ್ಟವೇನಲ್ಲ. ಹತ್ತಿದ ಕೂಡಲೇ ಕೊರಳಿಗೊಂದು ಕಾರ್ಡು ಹಾಕುತ್ತಾರೆ. ಕೋಣೆಯ ಬೀಗಕ್ಕೂ ಅದೇ, ಕುಡಿಯುವ ಜ್ಯೂಸಿಗೂ ಅದೇ. ಆಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮುಳುಗಿದರೆ ಏನು ಮಾಡಬೇಕೆಂದು ನಗುನಗುತ್ತಾ ಹೇಳಿಕೊಡುತ್ತಾರೆ. ಅದಾದ ಮೇಲೆ ತಿನ್ನುವುದೇ ಕೆಲಸ. ಬೆಳಗ್ಗೆ ತಿಂದದ್ದು ಕರಗುವ ಮೊದಲೇ ಮಧ್ಯಾಹ್ನದ ತಟ್ಟೆ ಹಿಡಿದು ನಿಲ್ಲಬೇಕು. ಬೆಳಕು ಹರಿಯುವ ಮುಂಚೆ ಈಜುಕೊಳದ ಕುರ್ಚಿಗೆ ಟವೆಲ್ ಹಾಸಿ ಜಾಗ ಹಿಡಿಯುವ ಸಭ್ಯರೂ, ಆ ಟವೆಲನ್ನು ಎತ್ತಿ ಬಿಸಾಡಿ ಕೂರುವ ಇನ್ನಷ್ಟು ಸಭ್ಯರೂ ಅಲ್ಲಿರುತ್ತಾರೆ. ಇಷ್ಟನ್ನೂ ಮನೆಯಲ್ಲೇ ಕೂತು ಊಹಿಸಬಹುದು. ಊಹಿಸಲಾಗದ ಮನರಂಜನೆ ಬೇರೆಯೇ ಇದೆ, ಅದಕ್ಕೆ ಟಿಕೆಟ್ಟೂ ಇಲ್ಲ.

ಹಡಗು ಬಂದರಿನಲ್ಲಿ ನಿಂತಾಗ ಜನ ಇಳಿದು ಊರು ಸುತ್ತಿ ಬರುತ್ತಾರೆ. ಹೊರಡುವ ಹೊತ್ತನ್ನು ಮೊದಲೇ ಹೇಳಿರುತ್ತಾರೆ, ಬಾರದವರಿಗಾಗಿ ಹಡಗು ಕಾಯುವುದಿಲ್ಲ. ಹಾಗಾಗಿ ಕೊನೆ ಗಳಿಗೆಯಲ್ಲಿ ಕೆಲವರು ಎದ್ದೆವೋ ಬಿದ್ದೆವೋ ಎಂದು ಬಂದರುಕಟ್ಟೆಯುದ್ದಕ್ಕೂ ಓಡಿ ಬರುತ್ತಾರೆ. ಮೊದಲೇ ಬಂದು ಸೇರಿದವರು ಮೇಲಂತಸ್ತಿನ ಕಂಬಿಗೆ ಒರಗಿ, ಕೈಯಲ್ಲಿ ಲೋಟ ಹಿಡಿದು, ಅವರನ್ನು ನೋಡಿ ಚಪ್ಪಾಳೆ ತಟ್ಟಿ ನಗುತ್ತಾರೆ. ಸೂಜಿ ಎಂಬವನ ಅದೃಷ್ಟ ಖುಲಾಯಿಸಿದ್ದು ಈ ಕಂಬಿಯ ಬಳಿ.

ಸೂಜಿ ದರ್ಜಿ. ಕಡ್ಡಿಯಂತಿದ್ದದ್ದಕ್ಕೆ ಅಣ್ಣ ಚಿಕ್ಕಂದಿನಲ್ಲಿ ಇಟ್ಟ ಹೆಸರು ಅದು. ಹೊಲಿಗೆ ಕಲಿತ ಮೇಲೆ ಗಟ್ಟಿಯಾಗಿ ಅಂಟಿಕೊಂಡಿತು. ಅಣ್ಣನದು ಮೂರು ಮಹಡಿಯ ಸೋಫಾ, ಮಂಚದ ಅಂಗಡಿ. ಅದರ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ತಮ್ಮನ ಮಿಷನ್ನು. ಆ ಮನೆಯಲ್ಲಿ ನಾಲ್ಕು ಜನ ಸೇರಿದರೆಂದರೆ ನಗೆಪಾಟಲಾಗುವುದು ಸೂಜಿಯೇ. ಎಡಗೈ ತೋಳನ್ನು ಬಲಗೈಗೆ ಹೊಲಿದ ಅಂಗಿಯ ಕತೆಯನ್ನು ಅಣ್ಣ ಸಾವಿನ ಮನೆಯಲ್ಲೂ ಹೇಳಿದ್ದಾನೆ. ಸೂಜಿಯೂ ಹಲ್ಲು ಕಿರಿಯುತ್ತಿದ್ದ, ಇನ್ನೇನು ಮಾಡಿಯಾನು? ಅವನಿಗೆ ಬೇಕಿದ್ದದ್ದು ದುಡ್ಡೂ ಅಲ್ಲ, ಮಹಡಿಯೂ ಅಲ್ಲ. ಸಾಯುವುದರೊಳಗೆ ಒಮ್ಮೆಯಾದರೂ ನಗುವವರ ಸಾಲಿನಲ್ಲಿ ನಿಲ್ಲಬೇಕಿತ್ತು.

ಈ ಸಲ ಅಣ್ಣ ತನ್ನ ಹೆಂಡತಿ, ಮಗಳ ಜೊತೆ ತಮ್ಮ ಮತ್ತು ಅವನ ಹೆಂಡತಿಯನ್ನೂ ತನ್ನದೇ ಖರ್ಚಿನಲ್ಲಿ ಕರೆತಂದಿದ್ದ. ಪ್ರೀತಿ ಇರಲಿಲ್ಲವೆಂದಲ್ಲ, ಅತ್ತಿಗೆಯ ಚೀಲಗಳನ್ನು ಹೊರಲು ಜನವೂ ಬೇಕಿತ್ತು.

ಮೊದಲ ಬಂದರಿನಲ್ಲಿ ಬಿಗಿ ಪ್ಯಾಂಟಿನ ದಢೂತಿ ಮನುಷ್ಯನೊಬ್ಬ ಓಡಿ ಬರುತ್ತಿದ್ದ. ಸೂಜಿಯ ಬಾಯಿಂದ ಮಾತು ತಾನಾಗಿ ಹೊರಟಿತು: "ಆ ಹೊಲಿಗೆ ತಡ್ಯಲ್ಲ ಸ್ವಾಮಿ, ಬರೆದಿಟ್ಕೊಳ್ಳಿ. ಈಗ ಹೋಗುತ್ತೆ ನೋಡಿ!" ಹೋಗಿಯೇ ಬಿಟ್ಟಿತು. ಕಂಬಿಯ ಬಳಿ ನಿಂತವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅಣ್ಣ ಬೆನ್ನು ತಟ್ಟಿ, "ಲೋ ಸೂಜಿ, ನಿನ್ನ ಬಾಯಲ್ಲಿ ಇಷ್ಟೆಲ್ಲಾ ಇತ್ತೇನೋ!" ಎಂದ. ಎರಡನೆಯ ಬಂದರಿನಲ್ಲಿ ಜನ ಸೂಜಿಗಾಗಿ ಕಂಬಿಯ ನಡುವೆ ಜಾಗ ಬಿಟ್ಟಿದ್ದರು. ಯಾರೋ ಜ್ಯೂಸು ತಂದುಕೊಟ್ಟರು. ಸೂಜಿ ಉಬ್ಬಿಹೋದ. ಅಳುವ ಮಗುವನ್ನು ದರದರ ಎಳೆದುಕೊಂಡು ಬಂದ ತಾಯಿಯನ್ನೂ ಅವನು ಬಿಡಲಿಲ್ಲ.

ಹೆಂಡತಿಗೆ ಇದೊಂದೂ ಗೊತ್ತಿರಲಿಲ್ಲ. ಮಂಡಿನೋವಿನ ಹೆಂಗಸು, ಬೇಗ ವಾಪಸಾಗಿ ಕಿಟಕಿಯಿಲ್ಲದ ಕೋಣೆಯಲ್ಲಿ ಕಾಲು ಚಾಚಿ ಮಲಗಿಬಿಡುತ್ತಿದ್ದಳು.

ಮೂರನೆಯ ಊರಿನಲ್ಲಿ ಅತ್ತಿಗೆಯ ಖರೀದಿ ಮುಗಿಯಲೇ ಇಲ್ಲ. ಕೊನೆಗೆ ಅಣ್ಣನ ಸಂಸಾರ ಸಿಕ್ಕಿದ ಒಂದೇ ಟ್ಯಾಕ್ಸಿ ಹತ್ತಿ ಹೋಯಿತು. ಚೀಲಗಳ ಜೊತೆ ಸೂಜಿ ಮತ್ತು ಅವನ ಹೆಂಡತಿ ನಡೆಯುತ್ತಾ ಬಂದರು. ಅರ್ಧ ದಾರಿಗೆ ಬರುವಷ್ಟರಲ್ಲಿ ಕಂಬಿಯ ನೆನಪಾಗಿ ಸೂಜಿಯ ಕಾಲು ನಿಲ್ಲಲಿಲ್ಲ.

"ನೀನು ನಿಧಾನಕ್ಕೆ ಬಾ. ನಂಗೆ ಮೇಲೆ ಸ್ವಲ್ಪ ಕೆಲಸ ಇದೆ."

"ಹಡಗಲ್ಲಿ ನಿಮಗೆಂಥ ಕೆಲಸ?" ಎಂದು ಅವಳು ಕೇಳುವಷ್ಟರಲ್ಲಿ ತನ್ನ ಕೈಯ ಚೀಲವನ್ನೂ ಅವಳಿಗೇ ಕೊಟ್ಟು ಓಡಿದ್ದ.

ಆ ಸಂಜೆ ತಡವಾಗಿ ಬಂದವರು ಕಡಿಮೆ. ಜನಕ್ಕೆ ಬೇಸರ ಬರುವ ಹೊತ್ತಿಗೆ ಕಟ್ಟೆಯ ಆ ತುದಿಯಲ್ಲಿ ಒಬ್ಬ ಹೆಂಗಸು ಕಾಣಿಸಿದಳು. ಎರಡೂ ಕೈಯಲ್ಲಿ ಚೀಲ, ಕುಂಟು ಓಟ.

"ಲೋ, ನಿನ್ನ ಹೆಂಡ್ತಿ ಕಣೋ!" ಎಂದ ಅಣ್ಣ. ಎಲ್ಲರೂ ಸೂಜಿಯ ಮುಖ ನೋಡಿದರು.

ಸೂಜಿ ಕಂಬಿಯಾಚೆ ಬಗ್ಗಿ ನೋಡಿದ, ಅವಳೇ. ಇಳಿದು ಓಡಿ ಹೋಗಿ ಚೀಲ ಇಸಿದುಕೊಳ್ಳಬಹುದಿತ್ತು. ಬಾಯಿ ಮುಚ್ಚಿಕೊಂಡು ನಿಂತಿದ್ದರೂ ಸಾಕಿತ್ತು. ಆದರೆ ಬಾಯಿ ಮುಚ್ಚಿದರೆ ಈ ನಗು ಯಾರ ಕಡೆ ತಿರುಗುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

"ಬಂತು ಸ್ವಾಮಿ, ನಮ್ಮನೆ ಗಾಡಿ ಬಂತು!" ಎಂದು ಗಂಟಲು ಹರಿಯುವಂತೆ ಕೂಗಿದ. "ಒಂದು ಚಕ್ರ ಪಂಕ್ಚರು! ಮೈಮೇಲಿರೋದು ನಂದೇ ಹೊಲಿಗೆ. ಮುಂದುಗಡೆ ಅಣ್ಣನ ಅಂಗಡಿ ಪರದೆ, ಹಿಂದುಗಡೆ ಸೋಫಾ ಕವರ್ರು. ಮನೇಲಿ ಕೂತಿದ್ರೆ ಸೋಫಾ ಯಾವ್ದು, ಇವಳು ಯಾವ್ದು ಅಂತ ನಂಗೇ ಗೊತ್ತಾಗಲ್ಲ!"

ಅವಳು ಮುಗ್ಗರಿಸಿ ಮಂಡಿಯೂರಿ ಬಿದ್ದಳು. "ಬ್ರೇಕು ಮಾತ್ರ ಚೆನ್ನಾಗಿದೆ!" ಎಂದ ಸೂಜಿ. ಜನ ಕಣ್ಣೀರು ಒರೆಸಿಕೊಂಡು ನಕ್ಕರು. ಅವನು ಅಷ್ಟು ಚೆನ್ನಾಗಿ ಹಿಂದೆಂದೂ ಮಾತಾಡಿರಲಿಲ್ಲ. ಅವಳು ತಲೆಯೆತ್ತಿ ಮೇಲೆ ನೋಡಿದಳು, ಗಂಡನನ್ನು ಗುರುತಿಸಿದಳು, ಎದ್ದಳು. ಹಡಗಿನ ಇಬ್ಬರು ಕೆಲಸಗಾರರು ಓಡಿ ಹೋಗಿ ಅವಳನ್ನು ಒಳಗೆ ಕರೆತಂದರು.

ಊಟದ ಮೇಜಿಗೆ ಅವಳು ಮಂಡಿಗೆ ಪಟ್ಟಿ ಕಟ್ಟಿಸಿಕೊಂಡು ಬಂದಳು. ಕೂತವಳೇ ಬಡಿಸುವವನಿಂದ ಬಿಸಿನೀರು ಮತ್ತು ಉಪ್ಪು ತರಿಸಿದಳು.

"ಭಾವಾ, ಇವರು ಕೂಗದೇ ಇದ್ದಿದ್ರೆ ನನ್ನ ಬಿಟ್ಟೇ ಹೋಗ್ತಿದ್ರು," ಎಂದಳು ಅಣ್ಣನಿಗೆ. "ಏನು ಹೇಳಿ ಹಡಗು ನಿಲ್ಲಿಸಿದ್ರೋ, ಗಾಳಿಗೆ ಒಂದೂ ಕೇಳಿಸ್ಲಿಲ್ಲ. ಆದ್ರೆ ದನಿ ಇವರದ್ದೇ ಅಂತ ಗೊತ್ತಾಯ್ತು. ಬಿದ್ದವಳು ಅದಕ್ಕೇ ಎದ್ದೆ. ನೋಡಿ, ಪಾಪ, ಗಂಟಲು ಹೇಗೆ ಕಟ್ಟಿದೆ."

ಅತ್ತಿಗೆ ಕರವಸ್ತ್ರ ಬಾಯಿಗೆ ಒತ್ತಿಕೊಂಡಳು. ಅಣ್ಣ ಗಂಭೀರವಾಗಿ, "ಹೌದಮ್ಮಾ, ಇವನ ಹಾಗೆ ಕೂಗೋರು ಇಡೀ ಹಡಗಲ್ಲೇ ಇಲ್ಲ," ಎಂದ.

"ಚಿಕ್ಕಮ್ಮಾ, ನಾನು ವಿಡಿಯೋ ಮಾಡಿದೀನಿ. ನೋಡ್ತೀರಾ?" ಎಂದಳು ಅಣ್ಣನ ಮಗಳು.

"ಆಮೇಲೆ ನೋಡಿದ್ರಾಯ್ತು ಬಿಡು," ಎಂದ ಸೂಜಿ. ಕಟ್ಟಿದ ಗಂಟಲಿನಿಂದ ಹೊರಟ ಮಾತು ಯಾರಿಗೂ ತಲುಪಲಿಲ್ಲ.

ಅವಳು ಕನ್ನಡಕ ಹಾಕಿಕೊಂಡು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಸೋಫಾದ ಮಾತಿಗೆ ಮೇಜಿನ ಸುತ್ತ ಇನ್ನೊಮ್ಮೆ ನಗು ಎದ್ದಿತು. ತಾನು ಬಿದ್ದ ಕಡೆ ಬಂದಾಗ ಅವಳ ಕೈ ತಾನಾಗಿ ಮಂಡಿಗೆ ಹೋಯಿತು. ನಗು ನಿಂತಿತು. ಅವಳು ಕೊನೆಯವರೆಗೂ ನೋಡಿ ಫೋನು ಹಿಂತಿರುಗಿಸಿದಳು, ಬಿಸಿನೀರಿಗೆ ಉಪ್ಪು ಹಾಕಿ ನಿಧಾನವಾಗಿ ಕಲಕಿದಳು, ಲೋಟವನ್ನು ಗಂಡನ ಮುಂದೆ ತಳ್ಳಿದಳು.

"ಬಿಸಿ ಇರುವಾಗ್ಲೇ ಬಾಯಿ ಮುಕ್ಕಳಿಸ್ಕೊಳ್ಳಿ. ನಾಳೆ ಇನ್ನೊಂದು ಊರಿದೆಯಂತಲ್ಲ, ಗಂಟಲು ಕೈ ಕೊಟ್ರೆ ಕಷ್ಟ."